ಕತ್ತಲಾದ ಮೇಲೆ ಹಚ್ಚಿದ ದೀಪ

ಸುವರ್ಣಾ ಕೂಗಾಡುವ ಹೆಂಗಸಲ್ಲ. ಸಿಟ್ಟು ಬಂದರೆ ಎರಡು ಮಾತು ಆಡಿ, ತುಟಿ ಬಿಗಿದು ಕೂತುಬಿಡುತ್ತಾಳೆ. ಕೂಗಾಡುವವಳು ನಾನು. ಅದಕ್ಕೇ ಅವಳ ಕತೆಯನ್ನು ನಾನು ಹೇಳಬೇಕಾಗಿದೆ.

ಮಸ್ಕತ್ತಿನ ಒಂದು ಸಣ್ಣ ಡಿಸೈನ್ ಸ್ಟುಡಿಯೋದಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಮೇಜು. ಅವಳು ಚಿತ್ರ ಬಿಡಿಸುತ್ತಾಳೆ, ನಾನು ಚಿತ್ರದೊಳಗಿನ ಮಾತುಗಳನ್ನು ಗುಳ್ಳೆಗಳಲ್ಲಿ ತುಂಬುತ್ತೇನೆ. ಅವಳ ಊರು ಬೆಳಗಾವಿ ಕಡೆಯ ಖಾನಾಪುರ. ಗಂಡ ಬಸವಂತ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕದಲ್ಲಿ ಟೆಕ್ನಿಷಿಯನ್. ಮನೆ ಹಮ್ರಿಯಾದಲ್ಲಿ, ಒಂದು ಮಲಯಾಳಿ ಕಿರಾಣಿ ಅಂಗಡಿಯ ಮೇಲೆ. ಮೊದಲು ಒಂದು ಕಂಟ್ರಾಕ್ಟರ್ ಕಂಪನಿಯಲ್ಲಿ ಎ.ಸಿ. ಪೈಪುಗಳ ನಕ್ಷೆ ತೆಗೆಯುತ್ತಿದ್ದಳು. ಕಂಪನಿ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದಳು. ಪೈಪು ಬಿಡಿಸಿದ ಕೈಗೆ ಮನುಷ್ಯರ ಮುಖ ಹೇಗೆ ಒಲಿಯಿತೋ ದೇವರೇ ಬಲ್ಲ, ಆದರೆ ಒಲಿದಿತ್ತು.

ಆ ಪುಸ್ತಕದ ಕೆಲಸ ಅವಳಿಗೆ ಬಂದದ್ದು ಮರಾಠಿ ಬರುತ್ತದೆಂಬ ಕಾರಣಕ್ಕೆ. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಮಗಳ ಮನೆಯಲ್ಲಿರುವ ಮಿಲ್ಕಾಬಾಯಿ ಎಂಬ ಅಜ್ಜಿ ಕೊಂಕಣದ ಯೆಹೂದಿ. ಬಾಯಿ ಬಿಟ್ಟರೆ ಮರಾಠಿ, ಪ್ರಾರ್ಥನೆಗೆ ಕೂತರೆ ಹೀಬ್ರೂ. ಮಗಳು ಡಾಕ್ಟರು, ಮಗ ಟೊರಾಂಟೋದಲ್ಲಿ. ಮಗನ ಮಗಳು ನಿಕೋಲ್‌ಗೆ ಮರಾಠಿಯೂ ಇಲ್ಲ, ಹೀಬ್ರೂವೂ ಇಲ್ಲ, ಕಾಮಿಕ್ಸ್ ಬಿಟ್ಟು ಬೇರೇನೂ ಓದುವುದೂ ಇಲ್ಲ. ಹಾಗಿದ್ದರೆ ಅಜ್ಜಿಯ ಬದುಕನ್ನೇ ಕಾಮಿಕ್ಸ್ ಮಾಡಿಬಿಡೋಣ ಎಂದು ಡಾಕ್ಟರು ನಮ್ಮ ಸ್ಟುಡಿಯೋಗೆ ಬಂದರು.

ಸುವರ್ಣಾ ಅಜ್ಜಿಯ ಎದುರು ಕೂತು ಕೇಳಿದಳು, ಬಿಡಿಸಿದಳು. ಅಜ್ಜಿಯ ಹಿರಿಯರು ಎಣ್ಣೆ ತೆಗೆಯುವವರಂತೆ. ಶನಿವಾರ ಮಾತ್ರ ಗಾಣದಿಂದ ಎತ್ತು ಬಿಚ್ಚಿಬಿಡುತ್ತಿದ್ದರಂತೆ. ಊರವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರಂತೆ. ಅವಲಕ್ಕಿಗೆ ಬೆಲ್ಲ, ತೆಂಗಿನತುರಿ ಕಲಸಿ, ಸುತ್ತ ಹಣ್ಣಿಟ್ಟು ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಹರಕೆ ತೀರಿಸುತ್ತಾರೆ ಎಂದಾಗ ಸುವರ್ಣಾ ನಕ್ಕುಬಿಟ್ಟಳು. "ನಮ್ಮ ಮನಿ ಅವಲಕ್ಕಿನ ಇದು, ಆಶಿತಾ. ದೇವರ ಹೆಸರಷ್ಟ ಬ್ಯಾರೆ," ಎಂದು ನನಗೆ ಬಂದು ಹೇಳಿದಳು.

ಎಡವಿದ್ದು ಅಲ್ಲೇ. ಎಲ್ಲವೂ ನಮ್ಮ ಮನೆಯದೇ ಅನ್ನಿಸಿದಾಗ ಕೇಳಬೇಕಾದ್ದನ್ನು ಕೇಳುವುದು ಮರೆತುಹೋಗುತ್ತದೆ. ಅಜ್ಜಿಯ ತಾಯಿ ಶುಕ್ರವಾರ ಸಬ್ಬತ್ತಿನ ದೀಪ ಹಚ್ಚುವ ಅಧ್ಯಾಯ ಬಂತು. ಸುವರ್ಣಾಳ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ದೀಪ ಹಚ್ಚುತ್ತಾರೆ. ಅವಳು ಹಾಗೆಯೇ ಬಿಡಿಸಿದಳು. ಕಿಟಕಿಯಾಚೆ ಕಪ್ಪು ಆಕಾಶ, ನಾಲ್ಕು ನಕ್ಷತ್ರ, ತಾಯಿಯ ಕೈಯಲ್ಲಿ ಗೀರಿದ ಕಡ್ಡಿ.

ಕರಡು ನೋಡಿದ ಮಿಲ್ಕಾಬಾಯಿ ಕಾಗದವನ್ನು ಮೇಜಿಗೆ ಬಡಿದರಂತೆ. ಶುಕ್ರವಾರ ಹೊತ್ತು ಮುಳುಗಿದರೆ ಸಬ್ಬತ್ತು, ಅವರ ವಿಶ್ರಾಂತಿಯ ದಿನ, ಶುರು. ಆಮೇಲೆ ಬೆಂಕಿ ಹಚ್ಚುವಂತಿಲ್ಲ, ಆರಿಸುವಂತಿಲ್ಲ, ಬೆಂಕಿಪೊಟ್ಟಣ ಮುಟ್ಟುವಂತೆಯೂ ಇಲ್ಲ. ಮಸ್ಕತ್ತಿಗೆ ಬಂದ ಮೇಲೂ ಅವರು ಹೊತ್ತು ಮುಳುಗುತ್ತಲೇ ಕೂಗುವ ಮಗ್ರಿಬ್ ಆಜಾನಿಗೆ ಮುಂಚೆಯೇ ದೀಪ ಹಚ್ಚಿ ಮುಗಿಸುತ್ತಿದ್ದರು. "ನಾನು ಸತ್ತ ಮೇಲೆ ನನ್ನ ಮೊಮ್ಮಗಳು ಇದನ್ನು ನೋಡಿಕೊಂಡೇ ದೀಪ ಹಚ್ಚುತ್ತಾಳೆ. ಇದು ಚಿತ್ರ ಅಂದುಕೊಂಡೆಯಾ?" ಎಂದು ಮರಾಠಿಯಲ್ಲಿ ಬೈದರಂತೆ.

ಸುವರ್ಣಾ ಮುಖ ಸಪ್ಪಗೆ ಮಾಡಿಕೊಂಡು ಬಂದು ನಮ್ಮ ಆರ್ಟ್ ಡೈರೆಕ್ಟರ್ ಕಿಶೋರನ ಮುಂದೆ ನಿಂತಳು. ಕಿಶೋರ ಬೆಂಗಳೂರಿನವನು. ಓದಿದವನು, ಮಾತು ಬಲ್ಲವನು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು.

"ಅಧ್ಯಾಯ ಪೂರಾ ಮತ್ತ ಬಿಡಸ್ತೀನ್ರೀ. ಹೊತ್ತು ಮುಳುಗೂಕಿಂತ ಮೊದಲ ಆಗಬೇಕು."

"ಅಯ್ಯೋ, ಆ ನೈಟ್ ಮೂಡೇ ಬುಕ್ಕಿನ ಜೀವ ಸುವರ್ಣಾ. ಹಗಲಲ್ಲಿ ದೀಪ ಹಚ್ಚಿದ್ರೆ ಏನ್ ಕಾಣ್ಸತ್ತೆ? ಮಸ್ಕತ್ತಲ್ಲಿ ಎಷ್ಟು ಜನ ಯೆಹೂದಿಗಳು ಕೂತಿದಾರೆ ಚೆಕ್ ಮಾಡೋಕೆ?"

"ನಿಮ್ಮ ಮನಿ ಮದುವಿ ಪುಸ್ತಕದಾಗ ಸೊಸಿ ಎಡಗಾಲಿಟ್ಟು ಒಳಗ ಬರೂದು ಬಿಡಿಸಿದ್ರ ನಿಮ್ಮ ಅವ್ವ ಸುಮ್ಮ ಕೂಡತಾರೇನ್ರೀ?"

ಅವನು ನಕ್ಕ. ಆ ನಗುವಿಗೆ ನನ್ನ ಮೈಯೆಲ್ಲ ಉರಿಯಿತು. "ನಗ್ಲಿಕ್ಕೆ ಎಂತ ಉಂಟು ಇದ್ರಲ್ಲಿ?" ಎಂದು ನಾನು ಕೇಳಿದ್ದಕ್ಕೆ ಅವನು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ.

ಸುವರ್ಣಾ ರಜೆಯ ದಿನಗಳಲ್ಲಿ ಕೂತು ಅಧ್ಯಾಯವನ್ನೆಲ್ಲ ಹೊಸದಾಗಿ ಬಿಡಿಸಿದಳು. ಗಾಣದ ಮೇಲೆ ಇಳಿಬಿಸಿಲು, ಗೋಡೆಯ ಮೇಲೆ ಉದ್ದನೆಯ ನೆರಳು, ಬೆಳಕಿರುವಾಗಲೇ ಹಚ್ಚಿದ ದೀಪ. ಏನು ಚೆಂದ ಇತ್ತು ಅದು! ಕಿಶೋರನಿಗೆ ಕಳಿಸಿದಳು, ಅವನು ಸರಿ ಎಂದ. ಪುಸ್ತಕದ ಕಟ್ಟು ಬಂದಾಗ ಬಿಚ್ಚಿ ನೋಡಿದರೆ ಕಪ್ಪು ಆಕಾಶ, ನಾಲ್ಕು ನಕ್ಷತ್ರ.

"ಹಳೇ ಫೈಲೇ ಪ್ರೆಸ್ಸಿಗೆ ಹೋಯ್ತು. ಖಲಾಸ್, ಬಿಟ್ಬಿಡು," ಎಂದ ಆ ಪುಣ್ಯಾತ್ಮ.

ನಾನು ಕೂಗಾಡಿದೆ. ಅವಳು ನೇರ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರೂ, ಹೋಗಲಿ, ಟೊರಾಂಟೋಗೆ ಆಗಲೇ ಒಂದು ಪ್ರತಿ ಕಳಿಸಿ ಆಯಿತು, ಅಮ್ಮನಿಗೆ ತಿದ್ದಿ ಆಗಿದೆ ಅಂತಲೇ ಹೇಳಿದ್ದೇನೆ, ನೀವೂ ಹಾಗೇ ಇದ್ದುಬಿಡಿ ಎಂದರಂತೆ. ಹಡೆದ ತಾಯಿಗೆ ಸುಳ್ಳು ಹೇಳುವುದು ಎಷ್ಟು ಸಲೀಸು ನೋಡಿ. ಮಿಲ್ಕಾಬಾಯಿಗೆ ಅಷ್ಟರಲ್ಲಿ ಕಣ್ಣು ಮಂಜಾಗಿತ್ತು. ಪುಸ್ತಕ ಕೈಗೆ ಬಂದರೂ ಸವರಿ ನೋಡಿ, ಎದೆಗೆ ಒತ್ತಿಕೊಂಡು ಇಟ್ಟುಬಿಟ್ಟಿದ್ದರು.

ಚಳಿಗಾಲದ ರಜೆಗೆ ನಿಕೋಲ್ ಮಸ್ಕತ್ತಿಗೆ ಬಂದಳು. ಒಂದು ಶುಕ್ರವಾರ ಸಂಜೆ ಸುವರ್ಣಾಳನ್ನೂ ನನ್ನನ್ನೂ ಊಟಕ್ಕೆ ಕರೆದರು. ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಅಜ್ಜಿ ತಾವೇ ಫೋನು ಮಾಡಿದ್ದರಿಂದ ಹೊರಟಳು.

ನಾವು ಹೋದಾಗ ಕಿಟಕಿಯಲ್ಲಿ ಇನ್ನೂ ಕೊನೆಯ ಬಿಸಿಲಿತ್ತು. ಅಜ್ಜಿ ಗಾಜಿನ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಬೆಂಕಿಪೊಟ್ಟಣಕ್ಕೆ ತಡಕಾಡಿದರು. ಪೊಟ್ಟಣ ನಿಕೋಲಳ ಕೈಯಲ್ಲಿತ್ತು.

"ಈಗಲೇ ಬೇಡ ಅಜ್ಜಿ, ನಕ್ಷತ್ರ ಕಾಣಲಿ," ಎಂದಳು ಹುಡುಗಿ ಇಂಗ್ಲಿಷಿನಲ್ಲಿ. "ಟೊರಾಂಟೋದಲ್ಲಿ ನಾನು ಪ್ರತಿವಾರವೂ ಪೂರ್ತಿ ಕತ್ತಲಾದ ಮೇಲೇ ಹಚ್ಚುವುದು. ನಿಮ್ಮ ಪುಸ್ತಕದಲ್ಲಿ ಹಾಗೇ ಇದೆಯಲ್ಲ!"

ಅಜ್ಜಿಗೆ ಅರ್ಥವಾಗಲಿಲ್ಲ. ಕೊಡು ಮಗಾ, ಹೊತ್ತಾಯಿತು ಎಂದು ಕೈ ಚಾಚಿದರು. ಹುಡುಗಿಗೆ ಅದೊಂದು ಆಟವಾಯಿತು, ನಗುತ್ತಾ ಮೇಜು ಸುತ್ತಿ ಓಡಿದಳು. ಡಾಕ್ಟರೂ ನಕ್ಕರು. ನಗದಿದ್ದವಳು ಸುವರ್ಣಾ. "ಏ ಹುಡುಗಿ, ಕೊಡಲೇ ಅದನ್ನ!" ಎಂದು ಅವಳು ಕಿರುಚಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಓಡಿಹೋಗಿ ಹುಡುಗಿಯ ರಟ್ಟೆ ಹಿಡಿಯುವಷ್ಟರಲ್ಲಿ ಬೀದಿಯಾಚೆಯ ಮಸೀದಿಯಿಂದ ಮಗ್ರಿಬ್ ಆಜಾನ್ ಎದ್ದಿತು.

ಮಿಲ್ಕಾಬಾಯಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕುರ್ಚಿಯಲ್ಲಿ ಕೂತರು. ಡಾಕ್ಟರು ಗೋಡೆ ನೋಡುತ್ತಾ ನಿಂತರು.

ನಿಕೋಲ್ ಗಾಬರಿಯಾಗಿ ಪುಸ್ತಕ ತಂದು ಆ ಪುಟವನ್ನು ಅಜ್ಜಿಯ ಮಂಜುಗಣ್ಣಿಗೆ ಹಿಡಿದಳು. "ನೋಡಿ, ನಾನೇನೂ ಸುಳ್ಳು ಹೇಳಿಲ್ಲ. ನಾನು ತಪ್ಪು ಮಾಡಿದೆನಾ?"

"ನೀನಲ್ಲವ್ವಾ. ಪುಸ್ತಕ ತಪ್ಪೈತಿ," ಎಂದಳು ಸುವರ್ಣಾ. ಅದನ್ನೇ ಅಜ್ಜಿಗೆ ಮರಾಠಿಯಲ್ಲೂ ಹುಡುಗಿಗೆ ಇಂಗ್ಲಿಷಿನಲ್ಲೂ ಹೇಳಿದಳು.

"ಹಾಗಾದರೆ ಹೀಗೆ ಬಿಡಿಸಿದವರು ಯಾರು?"

ಕಿಶೋರನ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಡಾಕ್ಟರ ಸುಳ್ಳೂ ಬಂದಿತ್ತು. ಸುವರ್ಣಾ ನನ್ನ ಕೈ ಅದುಮಿ ಹಿಡಿದು "ನಾನು" ಎಂದಳು.

ಹೊರಗೆ ಪೂರ್ತಿ ಕತ್ತಲಾಯಿತು. ನಿಕೋಲ್ ಅಳುತ್ತಾ ಬಂದು ಬೆಂಕಿಪೊಟ್ಟಣವನ್ನು ಅಜ್ಜಿಯ ಮುಂದೆ ಹಿಡಿದಳು. ಮಿಲ್ಕಾಬಾಯಿ ಅದನ್ನು ಮುಟ್ಟಲಿಲ್ಲ.