ಸಿಮೆಂಟಿನಲ್ಲಿ ಬರೆದ ಹೆಸರು

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೊರಳಿದರೆ ಸಿಗುವ ನಮ್ಮೂರಿನಲ್ಲಿ ಒಂದು ಹಳೆಯ ಕ್ಯಾಥೊಲಿಕ್ ಚರ್ಚ್ ಇದೆ. ಕಲ್ಲು, ಸುಣ್ಣದ ಕಟ್ಟಡ. ನಮ್ಮಜ್ಜ ಹುಡುಗನಾಗಿದ್ದಾಗಲೇ ಅದನ್ನು ಹಳೇ ಚರ್ಚ್ ಎನ್ನುತ್ತಿದ್ದರಂತೆ. ಅಲ್ಲಿಗೆ ಪೂಜೆಗೆ ಹೋಗುವ ಮನೆಗಳು ಊರಲ್ಲಿ ಕಡಿಮೆ. ಆದರೆ ಅದರ ಬಗ್ಗೆ ಒಂದು ಅಭಿಪ್ರಾಯ ಇಟ್ಟುಕೊಳ್ಳದ ಮನೆ ಇಲ್ಲವೇ ಇಲ್ಲ. ಹಾಗಾಗಿ ಅದರ ಮೂಡಣ ಗೋಡೆ ಉಬ್ಬಿ, ಒಳಗೆ ಪೀಠದ ಹಿಂದೆ ನೀರು ಜಿನುಗತೊಡಗಿದಾಗ ಫಾದರ್ ಇಡೀ ಊರನ್ನೇ ಕರೆದರು. ಸಮಿತಿಯಾಯಿತು. ಹಣೆತುಂಬ ವಿಭೂತಿ ಬಳಿದುಕೊಂಡು ತಿರುಗುವ ನನ್ನನ್ನೂ ಅದಕ್ಕೆ ಸೇರಿಸಿದರು. ಈ ಸೀಮೆಯಲ್ಲಿ ಗುತ್ತಿಗೆದಾರನಾಗಿ ಬಾಳೆಲ್ಲ ಮನೆ ಕಟ್ಟಿಸಿದವನು ನಾನು. ನಮ್ಮೂರಲ್ಲಿ ಯಾರೇ ಪಾಯ ತೆಗೆಯಲಿ, ಮೊದಲು ನನ್ನನ್ನು ಒಂದು ಮಾತು ಕೇಳುತ್ತಾರೆ. ಆ ಒಂದು ಮಾತಿನ ಮೇಲೆಯೇ ನನ್ನ ಮುಪ್ಪು ನಿಂತಿದೆ ಎಂದರೂ ನಡೆಯುತ್ತದೆ.

ಗೋಡೆ ನೋಡಲು ಹಳೆ ಕಟ್ಟಡಗಳನ್ನು ಬಲ್ಲ ಗೌಂಡಿಯೊಬ್ಬ ಉಗರಗೋಳದ ಕಡೆಯಿಂದ ಬಂದ. ನನಗಿಂತ ನಾಲ್ಕಾರು ವರ್ಷ ಚಿಕ್ಕವನು, ಮಾತು ಬಹಳ ಕಡಿಮೆ. ಗೋಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ನೋಡಿ ತೀರ್ಪು ಕೊಟ್ಟ.

"ಕಲ್ಲಿಂದೇನೂ ತಪ್ಪಿಲ್ರಿ. ಸುಣ್ಣದ್ದೂ ಇಲ್ಲ. ನಡುವ ಯಾರೋ ಬಂದು ಮ್ಯಾಲ ಸಿಮೆಂಟಿನ ಗಿಲಾವ ಹೊಡದಾರ. ಒಳಗ ಹೊಕ್ಕ ನೀರಿಗೆ ಹೊರಗ ಬರಾಕ ದಾರಿನ ಇಲ್ಲ. ಗ್ವಾಡಿ ಉಸಿರು ಕಟ್ಟೈತ್ರಿ."

"ಯಾರು ಮಾಡಿಸಿದ್ದೆಂದು ನಮ್ಮ ದಾಖಲೆಗಳಲ್ಲಿ ಇಲ್ಲವಲ್ಲ," ಎಂದರು ಕರಾವಳಿಯಿಂದ ಬಂದ ನಮ್ಮ ಫಾದರ್, ತಮ್ಮ ಪುಸ್ತಕದ ಕನ್ನಡದಲ್ಲಿ.

ದಾಖಲೆಯಲ್ಲಿ ಇರಲಿಲ್ಲ, ನಿಜ. ಗೋಡೆಯ ಮೇಲೆ ಇತ್ತು.

ಹೊಡೆದವನು ನಾನೇ. ಡಿಪ್ಲೊಮಾ ಮುಗಿಸಿ ಆಗಷ್ಟೇ ಊರಿಗೆ ಬಂದಿದ್ದೆ. ಸಿಮೆಂಟ್ ಎಂದರೆ ಆಗ ನನಗೆ ಅಮೃತ. ಅಂದಿನ ಫಾದರ್ ಸುಣ್ಣ ಉದುರುತ್ತಿದೆ ಎಂದು ಗೊಣಗಿದ್ದೇ ತಡ, ಒಂದೇ ಬೇಸಿಗೆಯಲ್ಲಿ ಇಡೀ ಕಟ್ಟಡಕ್ಕೆ ಸಿಮೆಂಟಿನ ಅಂಗಿ ತೊಡಿಸಿಬಿಟ್ಟೆ. ನಮ್ಮ ಕಡೆ ಹಸಿ ಸಿಮೆಂಟ್ ಕಂಡರೆ ಕೈ ಸುಮ್ಮನಿರುವುದಿಲ್ಲ. ನೀರಿನ ಟಾಕಿ, ದನದ ಗ್ವಾದಲಿ, ಬಾಗಿಲ ಮೆಟ್ಟಿಲು, ಯಾವುದನ್ನಾದರೂ ನೋಡಿ: ಮೊಳೆಯಿಂದ ಗೀಚಿದ ಹೆಸರು, ಇಸವಿ ಇದ್ದೇ ಇರುತ್ತವೆ. ನಾನೂ ಮೂಡಣ ಗೋಡೆಯ ತುದಿಯಲ್ಲಿ, ಸೂರಿನ ಕೆಳಗೆ, ಅಪ್ಪನ ಹೆಸರು, ಮನೆತನದ ಹೆಸರು ಸಮೇತ ನನ್ನ ಪೂರ್ತಿ ಹೆಸರು ಬರೆದೆ. ಅದರ ಮುಂದೆ ಡಿಪ್ಲೊಮಾ ಎಂದೂ ಸೇರಿಸಿದೆ. ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೂ ಬಳಿದ ಬಿಳಿ ಸುಣ್ಣ ಅದನ್ನು ಮುಚ್ಚಿಕೊಂಡು ಬಂದಿತ್ತು. ಆ ಕೆಲಸ ಕಂಡಿದ್ದ ಹಿರಿಯರೂ ಒಬ್ಬೊಬ್ಬರಾಗಿ ಹೋಗಿದ್ದರು, ನೆನಪಿರುವವರು ಯಾರೂ ಉಳಿದಿಲ್ಲ ಎಂದುಕೊಂಡಿದ್ದೆ.

ಸಭೆಯಲ್ಲಿ ಬೈಗುಳ ಶುರುವಾಯಿತು. ಯಾವ ಕುರುಡ ಹೊಡೆದನೋ, ಯಾವ ಮಬ್ಬ ಹೊಡೆದನೋ ಎಂದು ತಲೆಗೊಂದು ಮಾತು. ಸುಮ್ಮನೆ ಕುಳಿತರೆ ಎಲ್ಲಿ ಅನುಮಾನ ಬರುತ್ತದೋ ಎಂದು ನಾನೂ ಎದ್ದು ನಿಂತೆ.

"ಅಂಥಾವನ ಕೈಯಾಗ ಕರಣಿ ಕೊಟ್ಟಾವ್ರು ಯಾರು ಅಂತೇನಿ! ಡಿಪ್ಲೊಮಾ ಮಾಡಿದಾಂವ ಆಗಿದ್ರ ಮದಲ ಅದನ್ನ ಕಸ್ಕೋಬೇಕು!"

ಬೈಯುತ್ತಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ನನ್ನ ಮಾತಿನ ತೂಕ ಅಷ್ಟಿದೆ ಎಂದುಕೊಂಡೆ.

ಕೆಲಸ ಹಿಡಿಯಿತು. ಬಿದಿರಿನ ಸಾರುವೆ ಕಟ್ಟಿ, ಮೊದಲು ಗೋಡೆಯನ್ನೆಲ್ಲ ನೀರು ಹಾಕಿ ತಿಕ್ಕಿ ಹಳೆಯ ಬಿಳಿ ಸುಣ್ಣ ತೊಳೆದರು. ಕೆಳಗೆ ನಿಂತು ಕತ್ತೆತ್ತಿ ನೋಡಿದೆ, ಕಣ್ಣು ಕಿರಿದು ಮಾಡಿ ನೋಡಿದೆ. ಏನೂ ಕಾಣಲಿಲ್ಲ. ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ, ಆಪರೇಷನ್ ಮಾಡಿಸಿಕೋ ಎಂದು ಮನೆಯವಳು ಎರಡು ವರ್ಷದಿಂದ ಹೇಳುತ್ತಿದ್ದಾಳೆ, ಅದು ಬೇರೆ ಮಾತು. ನನಗೆ ಕಾಣದ್ದು ಊರಿಗೂ ಕಾಣುವುದಿಲ್ಲ ಎಂದು ತೀರ್ಮಾನಿಸಿ ಸಮಾಧಾನಪಟ್ಟುಕೊಂಡೆ.

ಇತ್ತ ಅಂಗಳದಲ್ಲಿ ಸುಣ್ಣ ಅರೆಯುವ ಗಾಣ ಹೂಡಿದರು. ದುಂಡನೆಯ ಕಾಲುವೆಯಲ್ಲಿ ಕಲ್ಲಿನ ಗಾಲಿ, ಅದನ್ನೆಳೆಯಲು ಎತ್ತು. ಯಾರ ಎತ್ತು ಮೊದಲು ಹೂಡಬೇಕು ಎಂಬುದಕ್ಕೆ ಮೂರು ದಿನ ಜಗಳವಾಯಿತು. ಹೊಲದಲ್ಲಿ ದಿಕ್ಕು ತಪ್ಪದ ಎತ್ತುಗಳು ಇಲ್ಲಿ ಸುತ್ತು ಹಾಕಿ ಹಾಕಿ ಬೇಸತ್ತು ಮಲಗಿಬಿಡುತ್ತಿದ್ದವು. ಗಾರೆಗೆ ಬೆಲ್ಲದ ನೀರು ಬೇಕು ಎಂದ ಗೌಂಡಿ. ಕಬ್ಬು ಬೆಳೆಯುವ ಮನೆಗಳಿಂದ ಪೆಂಟೆ ಪೆಂಟೆ ಬೆಲ್ಲ ಬಂತು. ಅರ್ಧ ಗಾರೆಗೆ ಹೋಯಿತು, ಉಳಿದರ್ಧ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಫಾದರ್ ಅವರ ಬಾಯಿಯೂ ಸಿಹಿಯಾಗಿತ್ತು.

ಸಿಮೆಂಟ್ ಕೆತ್ತುವ ಕೆಲಸ ಪಡುವಣದಿಂದ ಶುರುವಾಗಿ ದಿನಾ ಒಂದೊಂದು ಮಾರು ನನ್ನ ಹೆಸರಿನ ಕಡೆ ಬರುತ್ತಿತ್ತು. ಕೆಳಗಿನಿಂದ ಕಾಣದ್ದು ಉಳಿ ಹಿಡಿದು ಹತ್ತಿರ ಹೋದವನಿಗೆ ಕಾಣದಿದ್ದೀತೆ? ಇಂದೋ ನಾಳೆಯೋ ಆ ಮೂಲೆಗೆ ಉಳಿ ತಾಗುತ್ತದೆ. ಇಷ್ಟು ವರ್ಷ ನನ್ನ ಮಾತು ಕೇಳಿ ಪಾಯ ತೆಗೆದ ಊರು ಅದನ್ನು ಓದುತ್ತದೆ. ಆದರೆ ವಿಚಿತ್ರ ನೋಡಿ, ಗೋಡೆಯೆಲ್ಲ ಮುಗಿದರೂ ಆ ಮೂಲೆಗೆ ಮಾತ್ರ ಯಾರೂ ಕೈ ಹಚ್ಚಲೊಲ್ಲರು.

"ಅದೊಂದು ಯಾಕ ಉಳೀತು?" ಎಂದು ಎಷ್ಟು ಸಾಧ್ಯವೋ ಅಷ್ಟು ಸಹಜವಾಗಿ ಕೇಳಿದೆ.

"ಮಾಡೂಣಂತ್ರಿ, ಅವಸರೇನೈತಿ," ಎಂದ ಗೌಂಡಿ. ನಾಲ್ಕು ದಿನ ಇದೇ ಉತ್ತರ.

ಐದನೆಯ ದಿನ ಮಧ್ಯಾಹ್ನ ಎಲ್ಲರೂ ಬೇವಿನ ಮರದ ನೆರಳಿನಲ್ಲಿ ರೊಟ್ಟಿ ಬಿಚ್ಚಿ ಕುಳಿತರು. ನಾನು ಧೋತರ ಎತ್ತಿ ಕಟ್ಟಿ, ಉಳಿ, ಸುತ್ತಿಗೆ ಸೊಂಟಕ್ಕೆ ಸಿಗಿಸಿಕೊಂಡು ಕಟ್ಟಡದ ಹಿಂದಿನಿಂದ ಸಾರುವೆ ಏರಿದೆ. ಏರುವಾಗ ಬಸವಣ್ಣನನ್ನೂ ನೆನೆದೆ, ಒಳಗೆ ಪೀಠದ ಮೇಲಿದ್ದ ತಾಯಿಯನ್ನೂ ನೆನೆದೆ. ಯಾರು ಹತ್ತಿರವಿದ್ದಾರೋ ಅವರು ಹಿಡಿಯಲಿ ಎಂದು.

ಹೆಸರು ಅಲ್ಲೇ ಇತ್ತು, ನಿನ್ನೆ ಬರೆದಷ್ಟು ಚೊಕ್ಕ. ಡಿಪ್ಲೊಮಾ ಅಂತೂ ಇನ್ನೂ ಚೊಕ್ಕ. ಪುಡಿ ಮಾಡಿಬಿಡೋಣವೆಂದು ಹೊಡೆದೆ. ಪುಡಿಯಾಗಲಿಲ್ಲ, ಹಾಳಾದ ಗಿಲಾವು, ಅಷ್ಟು ಗಟ್ಟಿ. ಕೊನೆಗೆ ಒಂದು ಮೊಳ ಅಗಲದ ಚಪ್ಪಡಿ ಹೆಸರಿನ ಸಮೇತ ಇಡಿಯಾಗಿ ಕಳಚಿ ಕೈಗೆ ಬಂತು. ತಿರುವಿ ನೋಡಿದೆ. ಅದರ ಬೆನ್ನಿಗೆ ಕಲ್ಲಿನ ಚರ್ಮ ಸುಲಿದು ಅಂಟಿಕೊಂಡಿತ್ತು. ಯಾವ ಕಾಲದ ಕಲ್ಲುಕುಟಿಗನೋ, ಒಂದರ ಪಕ್ಕ ಒಂದು ಒಪ್ಪವಾಗಿ ಹೊಡೆದ ಉಳಿಯ ಗೆರೆಗಳು ಕಲ್ಲು ಅಂಟದ ಕಡೆ ಸಿಮೆಂಟಿನಲ್ಲಿ ಅಚ್ಚೊತ್ತಿದ್ದವು. ಅವನು ತನ್ನ ಹೆಸರು ಎಲ್ಲೂ ಬರೆದಿರಲಿಲ್ಲ. ಗೋಡೆಯಲ್ಲಿ ಆ ಚರ್ಮ ಸುಲಿದ ಜಾಗ ಒದ್ದೆಯಾಗಿ, ಹಿಟ್ಟಿನಂತೆ ಉದುರುತ್ತಿತ್ತು. ನನಗೆ ಅಳು ಬಂತು. ನಾಚಿಕೆಯೂ ಬಂತು, ಆದರೆ ಅಳು ಮೊದಲು ಬಂತು.

ಕೆಳಗೆ ನೋಡಿದೆ. ನೆರಳಲ್ಲಿದ್ದವರೆಲ್ಲ ರೊಟ್ಟಿ ಕೈಯಲ್ಲಿ ಹಿಡಿದು, ಅಂಗಳಕ್ಕೆ ಬಂದು ನನ್ನನ್ನೇ ನೋಡುತ್ತ ನಿಂತಿದ್ದರು. ಚಪ್ಪಡಿ ಎದೆಗವಚಿಕೊಂಡು ಹೇಗೋ ಇಳಿದು ಅವರ ಮುಂದಿಟ್ಟೆ.

"ಆ ಮಬ್ಬ ನಾನ ರೀ," ಎಂದೆ. "ಈ ಗ್ವಾಡಿ ಉಸಿರು ಕಟ್ಟಿಸಿದಾಂವ ನಾನು."

ಯಾರೂ ಬೆರಗಾಗಲಿಲ್ಲ. ಗೌಂಡಿ ತುತ್ತು ನುಂಗಿ ಹೇಳಿದ: "ಗೊತ್ತೈತ್ರಿ ಸಾಹೇಬ್ರ. ಗ್ವಾಡಿ ತೊಳದ ದಿನಾನ ಎಲ್ಲಾರೂ ಓದೇವಿ. ಹಿರ್ಯಾರ ಹೆಸರಿಗೆ ಉಳಿ ಹಚ್ಚೂದು ಹ್ಯಾಂಗ ಅಂತ ಬಿಟ್ಟಿದ್ವಿ. ನೀವ ಏರಿ ಬರ್ಲಿ ಅಂತ ಕಾದ್ವಿ."

"ನಾಕು ದಿನದಿಂದ ಕಾಯಾಕ ಹತ್ತೇವಿ, ಇವ್ರು ಏರವಲ್ರು!" ಎಂದಿತು ಗುಂಪಿನಿಂದ ಒಂದು ದನಿ.

ಆಗ ಮುಂದೆ ಬಂದವಳು ಪೀಠಕ್ಕೆ ದಿನಾ ಹೂವಿಡುವ ಮುದುಕಿ, ಊರಿಗೆಲ್ಲ ಆಯಿ. "ನಾ ಇವರಕಿಂತ ಮದಲ ಬಲ್ಲೆ, ತಮ್ಮಾ. ನೀ ಮೊಳಿ ಹಿಡದು ಬರಿಯೂ ಮುಂದ ಕೆಳಗ ಚಾ ಹಿಡಕೊಂಡು ನಿಂತಾಕಿ ನಾನ. ಸಭಾದಾಗ ನೀ ನಿನ್ನ ಬೈಕೊಳ್ಳೂ ಮುಂದ ನಗು ತಡ್ಯಾಕ ಸೆರಗು ಬಾಯಾಗ ತುರುಕ್ಕೊಂಡಿದ್ನಿ."

ಅಂಗಳವೆಲ್ಲ ನಕ್ಕಿತು. ನಾನೂ ಕಣ್ಣೊರೆಸಿಕೊಂಡು ನಕ್ಕೆ. ಸಂಜೆಯವರೆಗೆ ಗಾಣದ ಎತ್ತು ಹೊಡೆದು ಆ ಮೂಲೆಯ ಗಾರೆಯನ್ನು ನಾನೇ ಅರೆದೆ. ಹಸಿ ಸುಣ್ಣ ಬಳಿದ ಮೇಲೆ ಗೌಂಡಿ ಕೈಯಲ್ಲಿ ಒಂದು ಮೊಳೆ ಹಿಡಿದು, ನಗದೆ ನನ್ನ ಕಡೆ ಚಾಚಿದ. ಬೇಡವೆಂದು ಕೈ ಮುಗಿದೆ.

ಚಪ್ಪಡಿಯನ್ನು ಆಯಿ ಬಿಡಲಿಲ್ಲ. "ಇಷ್ಟು ಗಟ್ಟಿ ಸಿಮೆಂಟ್ ಯಾಕ ಚೆಲ್ತೀರಿ?" ಎಂದು ಅದನ್ನು ಚರ್ಚಿನ ಹಿಂದಿನ ನಳದ ಕೆಳಗೆ ಹಾಸಿಸಿದಳು. ಈಗ ದಿನಾ ಬೆಳಿಗ್ಗೆ ಹೂವಿಗೆ ನೀರು ತುಂಬುವಾಗ ನನ್ನ ಹೆಸರಿನ ಮೇಲೆ ಕೊಡ ಇಡುತ್ತಾಳೆ. ಸರಿಯಾದ ಜಾಗಕ್ಕೆ ಹಾಕಿದರೆ ಸಿಮೆಂಟ್ ಎಷ್ಟು ಒಳ್ಳೆಯದು ಎಂದು ನನಗೆ ತೋರಿಸುತ್ತಾಳೆ. ಡಿಪ್ಲೊಮಾ ಎಂಬುದು ಆಗಲೇ ಅರ್ಧ ಸವೆದಿದೆ.