ಹೊಗೆ ಬಿಡದ ಕಾರು ಮತ್ತು ನಮ್ಮ ದೊಡ್ಡವ್ವ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕೊಪ್ಪಳದಲ್ಲಿ ವಕೀಲಿ ಮಾಡುತ್ತಿದ್ದೆ. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಬಿಟ್ಟರೆ ಬೇರೆ ಕೇಸು ನನ್ನ ಬಾಗಿಲಿಗೆ ಬರುತ್ತಿರಲಿಲ್ಲ. ಗ್ರಾಹಕರಿಗೆಂದು ಹೊಸ ಕಾಯ್ದೆ ಬಂದಿದೆ, ದೂರು ಕೇಳುವ ವೇದಿಕೆ ಆಗಿನ ನಮ್ಮ ಜಿಲ್ಲಾಕೇಂದ್ರ ರಾಯಚೂರಿನಲ್ಲಿ ಕೂರುತ್ತದೆ ಎಂದು ಕೇಳಿ ಅದರ ಪುಸ್ತಕ ತರಿಸಿ ಇಟ್ಟುಕೊಂಡಿದ್ದೆ. ಆ ಕಾಯ್ದೆ ಹುಡುಕಿಕೊಂಡು ಮೊದಲು ಬಂದವಳು ನಮ್ಮ ದೊಡ್ಡವ್ವ.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ. ಗಂಗಾವತಿ ಹತ್ತಿರ ಕಾಲುವೆ ನೀರಿನ ಗದ್ದೆ ಇತ್ತು. ದೊಡ್ಡಪ್ಪ ತೀರಿಹೋದ ಮೇಲೆ ನಾಟಿಯಿಂದ ಹಿಡಿದು ಭತ್ತ ಮಾರುವವರೆಗೆ ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಗಟ್ಟಿಗಿತ್ತಿ, ಆದರೆ ದಮ್ಮು. ಬಸ್ಸಿನ ಹೊಗೆ ಕುಡಿದು ಬಂದಳೆಂದರೆ ಮರುದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅಂಥವಳ ಕೈಗೆ ಒಂದು ಕಾರ್ ಕಂಪನಿಯ ಕ್ಯಾಲೆಂಡರ್ ಸಿಕ್ಕಿತು. ಹಸಿರು ಗದ್ದೆ, ನಡುವೆ ಬಿಳಿ ಕಾರು, ಕಾರಿನ ನೆತ್ತಿಯ ಮೇಲೊಂದು ಗಿಳಿ. ಕೆಳಗೆ ದಪ್ಪ ಅಕ್ಷರದಲ್ಲಿ: 'ಹೊಗೆಯಿಲ್ಲ, ಗಾಳಿ ಕೆಡುವುದಿಲ್ಲ. ಪರಿಸರದ ಗೆಳೆಯ.' ಡೀಸೆಲ್ ಕಾರಿನ ಮೇಲೆ ಕೂರುವ ಧೈರ್ಯ ಯಾವ ಗಿಳಿಗೆ ಬಂದಿತ್ತೋ ಕಾಣೆ. ದೊಡ್ಡವ್ವ ನಂಬಿದಳು, ಕಾರು ತರಿಸಿದಳು.

ಕಾರು ನಿಲ್ಲುವ ಕಡೆಯ ಸುಣ್ಣದ ಗೋಡೆ ಕೆಲವೇ ವಾರಗಳಲ್ಲಿ ಒಲೆಯ ಹಿಂದಿನ ಗೋಡೆಯಂತಾಯಿತು. ಕಾರು ಮಾರಿದ್ದ ಹುಬ್ಬಳ್ಳಿಯ ಏಜೆಂಟ್ ಬಂದು ನೋಡಿದ.

"ಇದು ಹೊಗಿ ಅಲ್ರೀ ಅವ್ವಾರ, ಬರೇ ಆವಿ," ಎಂದ.

"ಆವಿ ಕರ್ರಗ ಇರ್ತೈತೇನೋ ತಮ್ಮಾ? ನಾನೂ ದಿನಾ ಅನ್ನಕ್ಕ ಇಡಾಕಿನ," ಎಂದಳು ದೊಡ್ಡವ್ವ.

ಅವನು ತಪ್ಪನ್ನು ಡೀಸೆಲ್ ಮೇಲೆ ಹಾಕಿದ, ನಮ್ಮ ರಸ್ತೆಯ ಧೂಳಿನ ಮೇಲೆ ಹಾಕಿದ, ಕೊನೆಗೆ ಡ್ರೈವರನ ಕಾಲಿನ ಮೇಲೆ ಹಾಕಿ, ಚಹಾ ಕುಡಿದು ಹೋದ. ಮರುದಿನ ದೊಡ್ಡವ್ವ ಕ್ಯಾಲೆಂಡರ್ ಸುತ್ತಿಕೊಂಡು ನನ್ನ ಆಫೀಸಿಗೆ ಬಂದಳು.

ವಿಚಾರಣೆಯ ದಿನ ಅದೇ ಕಾರಿನಲ್ಲಿ ರಾಯಚೂರಿಗೆ ಹೋದೆವು. ಕಂಪನಿಯ ಪರವಾಗಿ ಬೆಂಗಳೂರಿನಿಂದ ಒಬ್ಬ ವಕೀಲರು ಬಂದಿದ್ದರು. ಇಸ್ತ್ರಿ ಮಾಡಿದ ಕೋಟು, ಕೊರಳಲ್ಲಿ ಹಾಲಿನಂಥ ಬಿಳಿ ಪಟ್ಟಿ. ನಾನು 'ಅನುಚಿತ ವ್ಯಾಪಾರ ಪದ್ಧತಿ' ಎಂಬುದರ ಅರ್ಥವಿವರಣೆಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದನ್ನು ಹೇಳುವ ಭಾಗ್ಯ ನನಗೆ ಬರಲಿಲ್ಲ.

"ಸ್ವಾಮಿ, ಜಾಹೀರಾತು ಅಂದ ಮೇಲೆ ಸ್ವಲ್ಪ ಅಲಂಕಾರ ಇರುತ್ತೆ," ಎಂದರು ಆ ವಕೀಲರು. "ತಿಳಿವಳಿಕೆ ಇರೋ ಯಾರೂ ಅದನ್ನ ಹಾಗೇ ನಂಬೋದಿಲ್ಲ."

ನಾನು ಏಳುವಷ್ಟರಲ್ಲಿ ದೊಡ್ಡವ್ವ ಎದ್ದಿದ್ದಳು. "ಸಾಹೇಬ್ರ, ಯಾರೂ ನಂಬಂಗಿಲ್ಲ ಅಂತ ಇವ್ರಿಗೆ ಗೊತ್ತಿತ್ತಂದ್ರ, ರೊಕ್ಕಾ ಸುರದು ಅಚ್ಚು ಯಾಕ ಹಾಕ್ಸಿದ್ರು?"

ವೇದಿಕೆಯ ಮಹಿಳಾ ಸದಸ್ಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಧ್ಯಕ್ಷರು ನಗಲಿಲ್ಲ. "ಕಾರು ತಂದೀರೇನು? ನಡೀರಿ, ನೋಡೋಣು," ಎಂದು ಎದ್ದರು.

ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ಕಾರಿನ ಸುತ್ತ ನಿಂತೆವು. ಡ್ರೈವರ್ ಚಾವಿ ತಿರುಗಿಸಿದ. ಕಾರು ಮಿಸುಕಲಿಲ್ಲ. ದಾರಿಯುದ್ದಕ್ಕೂ ಹೊಗೆ ಉಗುಳುತ್ತ ಬಂದ ಕಾರು ಅಲ್ಲಿ ಸಾಧುವಿನಂತೆ ಕೂತುಬಿಟ್ಟಿತ್ತು.

"ಎಲ್ಲಿದೆ ಸ್ವಾಮಿ ಹೊಗೆ?" ಎಂದರು ಬೆಂಗಳೂರಿನ ವಕೀಲರು.

"ನೂಕ್ರಿ ಅದನ್ನ," ಎಂದಳು ದೊಡ್ಡವ್ವ.

ಜವಾನರು ಬಂದರು, ನಾನು ಕೈ ಹಚ್ಚಿದೆ. ಗೆದ್ದ ಖುಷಿಯಲ್ಲಿ ಆ ವಕೀಲರೂ ನಗುತ್ತ ಬಂದು ಹಿಂದೆ, ಸರಿಯಾಗಿ ಹೊಗೆ ಕೊಳವೆಯ ಕಡೆಗೇ ನಿಂತು ನೂಕಿದರು. ಕಾರು ಒಮ್ಮೆ ಬಿಕ್ಕಿತು, ಕೆಮ್ಮಿತು, ಆಮೇಲೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಒಂದೇ ಸಲಕ್ಕೆ ಹೊರಗೆ ಹಾಕಿತು. ಹೊಗೆ ತಿಳಿಯಾದಾಗ ಅವರ ಬಿಳಿ ಪಟ್ಟಿಗೂ ಕರಿ ಕೋಟಿಗೂ ವ್ಯತ್ಯಾಸ ಇರಲಿಲ್ಲ.

ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದು ಕೇಳಿದರು: "ವಕೀಲ್ರ, ಇದೂ ಅಲಂಕಾರ ಏನು?"

ಕಾರು ವಾಪಸು ಪಡೆದು ಹಣ ಹಿಂದಿರುಗಿಸಬೇಕು, ಆ ಸಾಲುಗಳನ್ನು ಇನ್ನು ಮುಂದೆ ಅಚ್ಚು ಹಾಕಬಾರದು ಎಂದು ಆದೇಶವಾಯಿತು. ಕಂಪನಿ ಬೆಂಗಳೂರಿಗೆ ಮೇಲ್ಮನವಿ ಹೋಯಿತು, ಎಳೆದಾಡಿತು, ಕೊನೆಗೆ ತಾನೇ ರಾಜಿಗೆ ಬಂದು ಕಾರು ಒಯ್ದಿತು. ಆದೇಶವನ್ನೂ ಅಕ್ಷರಶಃ ಪಾಲಿಸಿತು. ಅವರ ಮುಂದಿನ ಕ್ಯಾಲೆಂಡರಿನಲ್ಲಿ 'ಪ್ರಕೃತಿಯನ್ನು ಪ್ರೀತಿಸುವವರ ಕಾರು' ಎಂದಷ್ಟೇ ಇತ್ತು. ನನ್ನ ಕಾಯ್ದೆಯ ಪುಸ್ತಕ ತೆರೆದು ನೋಡಿದೆ. ಪ್ರೀತಿಗೆ ಅಡ್ಡ ಬರುವ ಕಲಮು ಅದರಲ್ಲಿ ಸಿಗಲಿಲ್ಲ.

ದೊಡ್ಡವ್ವ ಮಾತ್ರ ಬಂದ ಹಣದಲ್ಲಿ ಯಲಬುರ್ಗಾದ ಜಮೀನ್ದಾರರೊಬ್ಬರ ಹಳೇ ಜೀಪು ಕೊಂಡಳು. ನಾನು ತಲೆ ಚಚ್ಚಿಕೊಂಡೆ. "ದೊಡ್ಡವ್ವ, ಇದು ಆ ಕಾರಿಗಿಂತ ಹೆಚ್ಚು ಹೊಗಿ ಬಿಡ್ತೈತಲ್ಲ!"

"ಬಿಡ್ತೈತಿ. ಮಾರಿದಾವ ಮೊದ್ಲ ಹೇಳ್ಯಾನ, 'ಅವ್ವಾರ, ಇದು ಹೊಗಿ ಭಾಳ ಬಿಡ್ತೈತಿ, ಮನಸ್ಸಿದ್ರ ತಗೋರಿ' ಅಂತ," ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದಿನ ಸೀಟಿಗೆ ಹತ್ತಿ ಕೂತಳು.