ಪಾಠಕ್ಕೆ ಮೈಯೊಡ್ಡುವ ಬರ್ನೀಸ್

ಬೆಳಗಿನ ಆರೂಮುಕ್ಕಾಲು. ಕಿಟಕಿಯಾಚೆ ಹಿಮ ತಳ್ಳುವ ಗಾಡಿ ಕಾಲೇಜಿನ ಅಂಗಳದಲ್ಲಿ ಗುರುಗುಟ್ಟುತ್ತಿದೆ. ಒಳಗೆ ಅನಾಟಮಿ ಲ್ಯಾಬಿನ ಮೂರನೇ ಮೇಜಿನ ಮೇಲೆ ಬರ್ನೀಸ್ ಆರ್ಚುಲೆಟಾ ಅಂಗಾತ ಮಲಗಿದ್ದಾರೆ. ವಯಸ್ಸು ಅರವತ್ತಮೂರು. ಮೈಮೇಲೆ ಆಸ್ಪತ್ರೆಯ ತೆಳು ನಿಲುವಂಗಿ, ಕಾಲಿಗೆ ತಾವೇ ಹೆಣೆದ ಉಣ್ಣೆಯ ಚೀಲ. ಸುತ್ತ ನಾಳೆ ನರ್ಸ್‌ಗಳಾಗಬೇಕಾದ ಆರು ಮಂದಿ, ಕೈಯಲ್ಲಿ ಹೊಸ ಸ್ಟೆತಸ್ಕೋಪು.

ಮೊನ್ನೆ ಮೊನ್ನೆಯವರೆಗೆ ಲಾರಿ ಓಡಿಸುತ್ತಿದ್ದ ದಪ್ಪ ಮೀಸೆಯ ಒಬ್ಬ ವಿದ್ಯಾರ್ಥಿ ಪಕ್ಕೆಲುಬುಗಳನ್ನು ಎಣಿಸುತ್ತ ಬಂದು ಎಡಗಡೆ ಐದನೆಯ ಸಂದಿನಲ್ಲಿ ಸ್ಟೆತಸ್ಕೋಪು ಇಡುತ್ತಾನೆ. ಹುಬ್ಬು ಗಂಟಿಕ್ಕುತ್ತದೆ. ಸ್ವಲ್ಪ ಮೇಲೆ ಇಡುತ್ತಾನೆ, ಸ್ವಲ್ಪ ಕೆಳಗೆ ಇಡುತ್ತಾನೆ.

“ಮಿಸ್ ಬರ್ನೀಸ್, ನಿಮ್ಮ ಹಾರ್ಟು ಓಡ್ತಾ ಇದೆ ತಾನೇ?”

“ನಿಂತೋಗಿದ್ರೆ ನಿನ್ನ ಕೈ ಇಷ್ಟು ತಣ್ಣಗಿದೆ ಅಂತ ನಂಗೆ ಹೆಂಗಪ್ಪಾ ಗೊತ್ತಾಗ್ತಿತ್ತು? ಉಜ್ಕೋ ಕೈನ.”

ಎಲ್ಲರೂ ನಗುತ್ತಾರೆ. ಅವನು ಕೈ ಉಜ್ಜಿಕೊಂಡು ಮತ್ತೆ ಕಿವಿಗೊಡುತ್ತಾನೆ. ಕೊನೆಗೆ ತಲೆಯಾಡಿಸಿ ಹಾಳೆಯಲ್ಲಿ ಗುರುತು ಹಾಕುತ್ತಾನೆ.

“ಕೇಳಿಸ್ತಾ?” ಎಂದು ಬರ್ನೀಸ್ ಕೇಳುತ್ತಾರೆ.

“ಹೂಂ... ಕೇಳಿಸ್ತು ಅನ್ಸುತ್ತೆ.”

ಬರ್ನೀಸ್ ಮುಖದಲ್ಲಿ ಏನೂ ತೋರುವುದಿಲ್ಲ. ಆರು ವರ್ಷದಿಂದ ಆಕೆ ಕೇಳುತ್ತಿರುವುದು ಇದೇ ಉತ್ತರವನ್ನು.

ಆರೋಗ್ಯ ವಿಜ್ಞಾನದ ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದಿದ ದೇಹವನ್ನು ನಿಜವಾದ ದೇಹದ ಮೇಲೆ ಹುಡುಕಿ ಕಲಿಯಬೇಕು. ನಾಡಿ ಎಲ್ಲಿ, ಯಕೃತ್ತಿನ ಅಂಚು ಎಲ್ಲಿ, ಯಾವ ಸ್ನಾಯು ಎಲ್ಲಿಂದ ಎಲ್ಲಿಗೆ ಎಂದು ಮುಟ್ಟಿ ತಿಳಿಯಬೇಕು. ಅದಕ್ಕಾಗಿ ಮೈಯೊಡ್ಡಿ ಮಲಗುವವರು ಸಾನ್ ಇಸಿದ್ರೋದ ಈ ಕಾಲೇಜಿನಲ್ಲಿ ನಾಲ್ವರಿದ್ದಾರೆ. ಮಂಗಳವಾರ ಮತ್ತು ಬುಧವಾರ ಬರ್ನೀಸ್ ಸರದಿ. ದಿನಕ್ಕೆ ಮೂರು ತಾಸು, ಇಪ್ಪತ್ತನಾಲ್ಕು ಜೋಡಿ ಕೈ. ಒಬ್ಬೊಬ್ಬರೂ ಒಂಬತ್ತು ಕಡೆ ನಾಡಿ ಹಿಡಿಯುತ್ತಾರೆ, ಪೆನ್ನಿನಲ್ಲಿ ಚರ್ಮದ ಮೇಲೆ ಗುರುತು ಹಾಕಿ ಅಳಿಸುತ್ತಾರೆ. ಕಚಗುಳಿಯಾದರೂ ಅಲ್ಲಾಡುವಂತಿಲ್ಲ. ಪರೀಕ್ಷೆಯ ದಿನ ಬಾಯಿ ಬಿಡುವಂತಿಲ್ಲ.

ಈ ಕೆಲಸಕ್ಕೆ ಮುಂಚೆ ಇಪ್ಪತ್ತೇಳು ವರ್ಷ ಆಕೆ ಊರಿನ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿದ್ದರು. ಗಂಡ ಫಿದೆಲ್ ತೀರಿಕೊಂಡ ವರ್ಷವೇ ಮಂಡಿ ಕೈಕೊಟ್ಟಿತು. ನಿಂತು ಮಾಡುವ ಕೆಲಸ ಇನ್ನು ಬೇಡ ಅಂದರು ವೈದ್ಯರು. “ಮಲಗಿ ಮಾಡೋ ಕೆಲಸ ಇದೆ ಅಂತ ದಿನಸಿ ಅಂಗಡಿ ಬಾಗಿಲಲ್ಲಿ ಚೀಟಿ ಅಂಟಿಸಿದ್ರು. ಓದಿ ಒಂದು ನಿಮಿಷ ಗಾಬರಿಯಾದೆ. ಕೆಳಗೆ ಕಾಲೇಜಿನ ಹೆಸರಿತ್ತು, ಸದ್ಯ!”

ಸೇರಿದ ಮೊದಲ ಚಳಿಗಾಲದಲ್ಲೇ ಆ ಗೊಂದಲ ನಡೆದದ್ದು.

ಆ ವರ್ಷದ ವಿದ್ಯಾರ್ಥಿಗಳ ತಂಡದಲ್ಲಿ ಡೆಸಿರೇ ಕೊಚೆವರ್ ಎಂಬಾಕೆ ಇದ್ದರು. ಮೂವತ್ತನಾಲ್ಕರ ಡೆಸಿರೇ ವೃದ್ಧಾಶ್ರಮದಲ್ಲಿ ಆಯಾ, ಇಬ್ಬರು ಮಕ್ಕಳ ತಾಯಿ. ಅನಾಟಮಿಯಲ್ಲಿ ಒಮ್ಮೆ ಫೇಲಾಗಿದ್ದರು. ಎರಡನೇ ಸಲವೂ ಹೋದರೆ ನರ್ಸಿಂಗ್ ಸೀಟು ಹೋದಂತೆಯೇ. ಡಿಸೆಂಬರಿನ ಪರೀಕ್ಷೆಯಲ್ಲಿ ಬರ್ನೀಸ್ ಮಲಗಿದ್ದ ಮೇಜಿನ ಪ್ರಶ್ನೆ ಸುಲಭದ್ದೇ: ಎದೆಬಡಿತ ಎಲ್ಲಿ ಜೋರಾಗಿದೆಯೋ ಅಲ್ಲಿ ಚುಕ್ಕೆಯಿಡಿ. ಇಪ್ಪತ್ತೊಂದು ಮಂದಿ ಎಡಗಡೆ ಇಟ್ಟರು. ಕೊನೆಗೆ ಬಂದ ಡೆಸಿರೇ ಎಡಗಡೆ ಕೇಳಿದರು, ಬಲಗಡೆ ಕೇಳಿದರು, ಮತ್ತೆ ಎಡಗಡೆ ಕೇಳಿದರು. ಆಮೇಲೆ ಬಲಗಡೆ ಚುಕ್ಕೆಯಿಟ್ಟರು.

ಮೇಷ್ಟ್ರು ವೆಂಡೆಲ್ ಪ್ರೂಯಿಟ್ ನಿಟ್ಟುಸಿರು ಬಿಟ್ಟರು. “ಎಷ್ಟು ಸಲ ಹೇಳಿದ್ದೀನಿ ಡೆಸಿರೇ? ನಿಮ್ಮ ಎಡ ಅಲ್ಲಮ್ಮ, ರೋಗಿಯ ಎಡ.”

“ರೋಗಿಯ ಎಡಾನೇ ನೋಡ್ದೆ ಸಾರ್. ಅಲ್ಲಿ ಎಲ್ಲೋ ದೂರದಲ್ಲಿ ಕೇಳಿಸುತ್ತೆ. ಇಲ್ಲಿ ಜೋರಾಗಿದೆ.”

“ಉಳಿದವರಿಗೆಲ್ಲ ಅಲ್ಲೇ ಕೇಳಿಸಿತಲ್ಲ?”

ಸೊನ್ನೆ ಬಿತ್ತು. ಒಟ್ಟು ಎರಡು ಅಂಕ ಕಡಿಮೆಯಾಗಿ ಡೆಸಿರೇ ಫೇಲಾದರು. ಅಳುತ್ತ ಹೊರಗೆ ಹೋದ ಹೆಂಗಸನ್ನು ಬರ್ನೀಸ್ ಮಲಗಿದಲ್ಲಿಂದಲೇ ನೋಡಿದರು. ಮಾತಾಡುವಂತಿರಲಿಲ್ಲ.

ಮನೆಗೆ ಹೋಗಿ ಬಚ್ಚಲ ಕನ್ನಡಿಯ ಮುಂದೆ ನಿಂತಾಗ ಕೊನೆಯ ಚುಕ್ಕೆ ಅಳಿಸದೆ ಹಾಗೇ ಇತ್ತು. “ಕನ್ನಡೀಲಿ ನೋಡಿದ್ರೆ ಯಾವುದು ಎಡ ಯಾವುದು ಬಲ ಅಂತಾನೇ ಗೊತ್ತಾಗ್ತಿಲ್ಲ. ನನ್ನ ಕಡೆ ಬಲ, ಕನ್ನಡಿಯವಳ ಕಡೆ ಇನ್ನೇನೋ. ಸಾಕಾಗೋಯ್ತು. ಕಣ್ಮುಚ್ಚಿ ಚುಕ್ಕೆ ಮೇಲೆ ಕೈಯಿಟ್ಟೆ. ಧಡ್ ಧಡ್ ಧಡ್ ಅಂತಿತ್ತು. ಆ ಹುಡುಗಿ ಸರಿಯಾಗೇ ಹೇಳಿದ್ಲು.”

ಆಗ ಒಂದೊಂದಾಗಿ ನೆನಪಾಯಿತು. ಮೊದಲನೇ ಕ್ಲಾಸಿನಲ್ಲಿ ಬಾವುಟದ ಪ್ರತಿಜ್ಞೆ ಹೇಳುವಾಗ ಎದೆ ಬಡಿಯುವ ಕಡೆ ಕೈಯಿಡಿ ಅಂದಿದ್ದರು ಟೀಚರು. ಬರ್ನೀಸ್ ಬಡಿಯುವ ಕಡೆಯೇ ಇಟ್ಟಳು. ಟೀಚರು ಬಂದು ಕೈ ಎತ್ತಿ ಆಚೆ ಕಡೆಗಿಟ್ಟು, “ಎಡಗಡೆ, ಪುಟ್ಟಿ” ಅಂದರು. ಐವತ್ತರ ವಯಸ್ಸಿನಲ್ಲಿ ಎದೆಗೆ ತಂತಿ ಹಚ್ಚಿ ಹೃದಯದ ನಕ್ಷೆ ತೆಗೆದಾಗ, ತಂತಿ ಅದಲುಬದಲಾಗಿದೆ ಎಂದು ನರ್ಸು ಮೂರು ಸಲ ಹಚ್ಚಿದ್ದರು. ಫಿದೆಲ್ ಆಕೆಯ ಎದೆಯ ಮೇಲೆ ತಲೆಯಿಟ್ಟು, “ನಿನ್ನ ಹೃದಯ ಮಾತೇ ಆಡಲ್ಲ ಕಣೇ” ಎಂದು ರೇಗಿಸುತ್ತಿದ್ದರಂತೆ. “ನಾನೂ ನಗ್ತಿದ್ದೆ. ಆ ಕಡೆ ತಲೆ ಇಟ್ಟಿದ್ರೆ ಕೇಳಿಸ್ತಿತ್ತು ಪಾಪ,” ಎನ್ನುತ್ತ ಬರ್ನೀಸ್ ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿಯುತ್ತಾರೆ.

ಮರುದಿನ ಬೆಳಿಗ್ಗೆ ಆಕೆ ಪ್ರೂಯಿಟ್ ಮೇಷ್ಟ್ರ ಕೋಣೆಗೆ ಹೋದರು. “ನಿಮ್ಮ ಸ್ಟೆತಸ್ಕೋಪು ತಗೊಳ್ಳಿ. ನನ್ನೆದೆ ಮೇಲಿಡಿ.” ಮೇಷ್ಟ್ರು ಮುಜುಗರಪಟ್ಟರು. ಕಚೇರಿಯ ಗುಮಾಸ್ತೆಯನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿಕೊಂಡ ಮೇಲೆಯೇ ಎಡಗಡೆ ಇಟ್ಟರು. ಬಲಗಡೆ ಇಟ್ಟರು. ಮತ್ತೆ ಎಡಗಡೆ. ಸ್ಟೆತಸ್ಕೋಪು ಕೆಟ್ಟಿದೆಯೇನೋ ಎಂದು ತಮ್ಮ ಎದೆಗೇ ಇಟ್ಟುಕೊಂಡು ನೋಡಿದರು. ಆಮೇಲೆ ಡೆನ್ವರಿನ ದೊಡ್ಡಾಸ್ಪತ್ರೆಗೆ ಫೋನು ಹಚ್ಚಿದರು.

ಅಲ್ಲಿ ತೆಗೆಸಿದ ಸ್ಕ್ಯಾನಿನಲ್ಲಿ ಎಲ್ಲ ಸ್ಪಷ್ಟವಾಯಿತು. ಬರ್ನೀಸ್ ಹೃದಯ ಬಲಕ್ಕಿದೆ. ಯಕೃತ್ತು ಎಡಕ್ಕೆ, ಜಠರ ಬಲಕ್ಕೆ, ಅಪೆಂಡಿಕ್ಸ್ ಎಡಕ್ಕೆ. ಒಳಗಿರುವುದೆಲ್ಲ ಅದಲುಬದಲು, ಆದರೆ ಎಲ್ಲವೂ ಆರೋಗ್ಯವಾಗಿಯೇ ಇದೆ. ಹುಟ್ಟಿನಿಂದ ಹೀಗಿರುವವರು ಸಾವಿರಾರು ಮಂದಿಯಲ್ಲಿ ಒಬ್ಬರು.

ಕಾಲೇಜಿನಲ್ಲಿ ಮಾತ್ರ ಯಾವುದೂ ಸ್ಪಷ್ಟವಾಗಲಿಲ್ಲ. ಇಪ್ಪತ್ತೊಂದು ಮಂದಿಯ ಉತ್ತರ ಪುಸ್ತಕಕ್ಕೆ ಸರಿ, ದೇಹಕ್ಕೆ ತಪ್ಪು. ಡೆಸಿರೇ ಉತ್ತರ ದೇಹಕ್ಕೆ ಸರಿ, ಪುಸ್ತಕಕ್ಕೆ ತಪ್ಪು. ಯಾರಿಗೆ ಅಂಕ ಕೊಡುವುದು, ಯಾರಿಂದ ಕಿತ್ತುಕೊಳ್ಳುವುದು? ಎರಡು ಸಭೆಗಳಾದ ಮೇಲೆ ಆ ಮೇಜಿನ ಪರೀಕ್ಷೆ ರದ್ದಾಯಿತು. ಕ್ರಿಸ್‌ಮಸ್‌ಗೆ ಮೊದಲು ಬೇರೊಬ್ಬರನ್ನು ಮಲಗಿಸಿ ಎಲ್ಲರಿಗೂ ಮರುಪರೀಕ್ಷೆ ಮಾಡಿದರು. ಡೆಸಿರೇ ಪಾಸಾದರು.

ಪ್ರೂಯಿಟ್ ಇಂದಿಗೂ ಅದನ್ನು ಮರೆತಿಲ್ಲ. “ಆ ಇಪ್ಪತ್ತೊಂದು ಮಂದಿ ಸುಳ್ಳು ಹೇಳಿದ್ರು ಅಂತಲ್ಲ. ಎಡಗಡೆ ಸಣ್ಣಗೆ ನಿಜವಾಗ್ಲೂ ಕೇಳಿಸುತ್ತೆ. ಅಲ್ಲೇ ಇರಬೇಕು ಅಂತ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಜೋರಾಗಿ ಕೇಳಿಸ್ತು. ಮೂರು ತಿಂಗಳು ಬರ್ನೀಸ್ ಪಕ್ಕದಲ್ಲೇ ನಿಂತು ಪಾಠ ಮಾಡಿದ ನಾನು ಒಂದು ದಿನಾನೂ ಕಿವಿಗೊಡಲಿಲ್ಲ. ಫೇಲಾಗಬೇಕಿದ್ದವನು ನಾನು.”

ಹೊಸ ವರ್ಷಕ್ಕೆ ಬರ್ನೀಸ್ ಮನೆಗೆ ಕಾಲೇಜಿನ ಕಚೇರಿಯಿಂದ ಕಾಗದ ಬಂತು. ತಮ್ಮ ದೇಹರಚನೆ ಸಾಮಾನ್ಯವಾದುದಲ್ಲದ ಕಾರಣ ತಮ್ಮ ಸೇವೆ ಇನ್ನು ಅಗತ್ಯವಿಲ್ಲ.

“ಅಡುಗೆಮನೆ ಕೆಲಸಕ್ಕೆ ಮಂಡಿ ಸರಿಯಿಲ್ಲ ಅಂದ್ರು. ಸುಮ್ಮನೆ ಮಲಗೋ ಕೆಲಸಕ್ಕೂ ನಾನು ಸರಿಯಿಲ್ಲವಾ ಅಂತ ಅಳು ಬಂತು. ಅಳುವಾಗ ಎದೆ ಹಿಡ್ಕೋಬೇಕಲ್ಲ, ಯಾವ ಕಡೆ ಹಿಡ್ಕೊಳ್ಳೋದು ಅಂತ ಅದೂ ಗೊತ್ತಾಗ್ಲಿಲ್ಲ ನೋಡಿ!”

ಆ ಕಾಗದವನ್ನು ಹಿಡಿದು ಕಚೇರಿಗೆ ಹೋದವರು ಡೆಸಿರೇ. ಜೊತೆಗೆ ಪ್ರೂಯಿಟ್. ಮೇಷ್ಟ್ರು ಅಲ್ಲಿ ಹೇಳಿದ್ದು ಒಂದೇ ಮಾತು: ಪುಸ್ತಕದ ಹಾಗಿರುವ ಮೈ ಎಲ್ಲಿ ಬೇಕಾದರೂ ಸಿಗುತ್ತದೆ, ನನಗೆ ಬೇಕಾದ್ದು ಇವರು. ವಾರದಲ್ಲಿ ಬರ್ನೀಸ್ ಮತ್ತೆ ಮೂರನೇ ಮೇಜಿಗೆ ಬಂದರು.

ಅಂದಿನಿಂದ ಪ್ರತಿ ಹೊಸ ತಂಡಕ್ಕೂ ಮೊದಲ ಮೂರು ವಾರ ಯಾರೂ ಏನೂ ಹೇಳುವುದಿಲ್ಲ. ಮುಗಿಸಿ ಹೋದವರು ಈ ಗುಟ್ಟನ್ನು ಹೇಗೋ ಕಾಪಾಡಿಕೊಂಡು ಬಂದಿದ್ದಾರೆ. ಈ ಊರಿನಲ್ಲಿ ಕನ್ನಡ ಓದುವವನು ನಾನೊಬ್ಬನೇ ಆದ್ದರಿಂದ ಈ ಬರಹದಿಂದಲೂ ಅಪಾಯವಿಲ್ಲ. ವಿದ್ಯಾರ್ಥಿಗಳು ಕಿವಿಗೊಡುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ. ಹೆಚ್ಚಿನವರು ‘ಕೇಳಿಸ್ತು’ ಎಂದು ಬರೆಯುತ್ತಾರೆ. ತಂಡಕ್ಕೆ ಒಬ್ಬರೋ ಇಬ್ಬರೋ ಮಾತ್ರ “ನಂಗೇನೋ ಗೊಂದಲ ಆಗ್ತಿದೆ” ಅನ್ನುತ್ತಾರೆ. ಮೂರನೇ ವಾರ ಬರ್ನೀಸ್ ಎದ್ದು ಕುಳಿತು ತಾವೇ ನಿಜ ಹೇಳುತ್ತಾರೆ. ಆಗ ಕೆಲವರಿಗೆ ಕೋಪ ಬರುತ್ತದೆ, ಕೆಲವರು ನಾಚುತ್ತಾರೆ. ಆಮೇಲೆ ಎಲ್ಲರೂ ಸಾಲುಗಟ್ಟಿ ನಿಂತು ಬಲಗಡೆ ಕೇಳುತ್ತಾರೆ.

ನನ್ನ ಕೈಗೂ ಸ್ಟೆತಸ್ಕೋಪು ಕೊಟ್ಟರು. ಎಲ್ಲ ತಿಳಿದೇ ಹೋಗಿದ್ದೆ. ಆದರೂ ಎಡಗಡೆ ಇಟ್ಟಾಗ ಏನೋ ಕೇಳಿಸಿತು, ಅದು ಆಕೆಯದೋ ನನ್ನ ಕಿವಿಯಲ್ಲಿ ಬಡಿಯುತ್ತಿದ್ದ ನನ್ನದೋ ತಿಳಿಯಲಿಲ್ಲ. ಹಾಗೆಂದೇ ಹೇಳಿದೆ. “ಪರವಾಗಿಲ್ಲ, ನಿಜ ಹೇಳ್ತೀರಿ,” ಎಂದು ಬರ್ನೀಸ್ ನಕ್ಕರು.

ಈ ಸಲ ಆಕೆ ಇನ್ನೊಂದು ಕೆಲಸ ಮಾಡಿದ್ದಾರೆ. ಅನಾಟಮಿ ಕೋರ್ಸಿಗೆ ತಾವೇ ವಿದ್ಯಾರ್ಥಿಯಾಗಿ ಸೇರಿದ್ದಾರೆ. ಮಂಗಳವಾರ, ಬುಧವಾರ ಮೇಜಿನ ಮೇಲೆ, ಗುರುವಾರ ಇನ್ನೊಬ್ಬ ಮೇಷ್ಟ್ರ ತರಗತಿಯಲ್ಲಿ ಮೊದಲ ಬೆಂಚಿನ ಮೇಲೆ. “ಆರು ವರ್ಷ ಮಲಗಿ ಮಲಗಿ ಅರ್ಧ ಪಾಠ ಕಿವಿಗೆ ಬಿದ್ದಿತ್ತು. ಮಿಕ್ಕಿದ್ದು ಕೂತು ಕೇಳೋಣ ಅಂತ.” ಈಗ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಡೆಸಿರೇ ಶನಿವಾರ ಮಧ್ಯಾಹ್ನ ಬಂದು, ಒಲೆಯ ಮೇಲೆ ಹಸಿಮೆಣಸಿನಕಾಯಿ ಸಾರು ಕುದಿಯುವಷ್ಟು ಹೊತ್ತು ಪ್ರಶ್ನೆ ಕೇಳುತ್ತಾರೆ.

“ಯಕೃತ್ತು ಯಾವ ಕಡೆ?”

“ಯಾರ್ದು?”

“ಅಯ್ಯೋ, ಪುಸ್ತಕದ್ದು ಹೇಳಿ ಮಿಸ್ ಬರ್ನೀಸ್!”

ಮೊದಲ ಕಿರುಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು. ಬರ್ನೀಸ್ ತಲೆ ಕೆಟ್ಟು ಎರಡು ಸಲ ಹೊಡೆದುಹಾಕಿ ಬರೆದರು: ಎಲ್ಲರಿಗೂ ಬಲಕ್ಕೆ, ನನಗೆ ಎಡಕ್ಕೆ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟಿದ್ದಾರೆ.

ಮುಂದೇನು, ನರ್ಸ್ ಆಗುವ ಆಸೆಯೇ ಎಂದರೆ ಬರ್ನೀಸ್ ಕೈ ಆಡಿಸಿಬಿಡುತ್ತಾರೆ. “ಈ ಮಂಡಿ ಇಟ್ಕೊಂಡಾ? ಪಾಸಾದ್ರೆ ಸಾಕಪ್ಪ. ಅದೂ ಮೊದಲನೇ ಸಲಕ್ಕೇ ಆಗ್ಬೇಕು. ಇಲ್ದಿದ್ರೆ ಈ ಡೆಸಿರೇ ಬಾಯಿಗೆ ಬೀಳೋರು ಯಾರು?”